ಲಾಂಛನದ ಹಕ್ಕು

ಹಿಂದಿನ ಕಾಲದಲ್ಲಿ ಅರಸರು ತಾವು ಕೊಟ್ಟ ದಾನವನ್ನು ತಾಮ್ರದ ತಗಡುಗಳ ಮೇಲೆ ಬರೆಯಿಸುತ್ತಿದ್ದರು. ತಗಡುಗಳನ್ನು ಬಳೆಯೊಂದರಲ್ಲಿ ಪೋಣಿಸಿ, ಆ ಬಳೆಗೆ ರಾಜಮುದ್ರೆಯನ್ನು ಹಾಕಿಸುತ್ತಿದ್ದರು. ಗಂಗರ ಮುದ್ರೆಯಲ್ಲಿ ಆನೆ, ಬಾದಾಮಿಯ ಚಾಲುಕ್ಯರ ಮುದ್ರೆಯಲ್ಲಿ ವರಾಹ, ರಾಷ್ಟ್ರಕೂಟರ ಮುದ್ರೆಯಲ್ಲಿ ಗರುಡ ಕಾಣುತ್ತವೆ. ಅಕ್ಷರ ಬಾರದವನು ಕೂಡ ಮುದ್ರೆಯನ್ನು ನೋಡಿ, ಇದು ಅರಸನ ಆಜ್ಞೆಯೆಂದು ತಿಳಿಯಬಹುದಾಗಿತ್ತು. ಜನರ ಈ ನಂಬಿಕೆಯೇ ಮುದ್ರೆಯ ಬಲ. ಯಾರು ಬೇಕಾದರೂ ಅದನ್ನು ಒತ್ತಬಹುದಾದರೆ ಆ ಬಲ ಉಳಿಯಲಾರದು.

ಸ್ವತಂತ್ರ ಭಾರತದಲ್ಲಿ ಅರಸನಿಲ್ಲ. ಆದರೆ ಸರ್ಕಾರದ ಮಾತಿಗೆ ಗುರುತು ಬೇಕು. 1950ನೆಯ ಇಸವಿ ಜನವರಿ 26ರಂದು, ಸಾರನಾಥದ ಅಶೋಕಸ್ತಂಭದ ಬೋದಿಗೆಯನ್ನು ಅನುಸರಿಸಿದ ಚಿಹ್ನೆಯು ರಾಷ್ಟ್ರಲಾಂಛನವಾಯಿತು. ಮೂಲ ಶಿಲ್ಪದಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ನಿಂತ ನಾಲ್ಕು ಸಿಂಹಗಳಿವೆ. ಲಾಂಛನದಲ್ಲಿ ಮೂರು ಮಾತ್ರ ಕಾಣುತ್ತವೆ. ಅವುಗಳ ಕೆಳಗೆ ನಡುವೆ ಧರ್ಮಚಕ್ರ, ಬಲಕ್ಕೆ ಗೂಳಿ, ಎಡಕ್ಕೆ ಕುದುರೆ ಇವೆ. ಸತ್ಯವೇ ಗೆಲ್ಲುವುದೆಂಬ ಧ್ಯೇಯವಾಕ್ಯವು ದೇವನಾಗರಿ ಲಿಪಿಯಲ್ಲಿದೆ.

ಈ ಲಾಂಛನವನ್ನು ಯಾರು ಬಳಸಬಹುದು? 2005ರ ಕಾಯಿದೆಯೂ 2007ರ ನಿಯಮಗಳೂ ಇದಕ್ಕೆ ಉತ್ತರ ಕೊಡುತ್ತವೆ. ರಾಷ್ಟ್ರಪತಿ, ಪ್ರಧಾನಮಂತ್ರಿ, ರಾಜ್ಯಪಾಲರು, ಮಂತ್ರಿಗಳು, ನ್ಯಾಯಾಧೀಶರು ಮೊದಲಾದವರಿಗೆ ಆ ಹಕ್ಕುಂಟು. ರಾಷ್ಟ್ರಪತಿ ಭವನ, ಸಂಸತ್ ಭವನ, ಸರ್ವೋಚ್ಚ ನ್ಯಾಯಾಲಯದಂಥ ಕಟ್ಟಡಗಳ ಮೇಲೆ ಅದನ್ನು ಪ್ರದರ್ಶಿಸಬಹುದು. ರಾಜ್ಯ ಸರ್ಕಾರಗಳು ಅನುಮತಿ ಪಡೆದು ತಮ್ಮ ಲಾಂಛನದಲ್ಲಿ ಅದನ್ನು ಸೇರಿಸಿಕೊಳ್ಳಬಹುದು. ಕರ್ನಾಟಕದ ಲಾಂಛನದಲ್ಲಿ ಮೈಸೂರು ಒಡೆಯರ ಮನೆತನದ ಚಿಹ್ನೆಯಾದ ಗಂಡಭೇರುಂಡದ ಮೇಲೆ ಅಶೋಕನ ಸಿಂಹಗಳಿವೆ.

ಆದರೆ ಈ ಹಕ್ಕು ವ್ಯಕ್ತಿಯದಲ್ಲ, ಪದವಿಯದು. ಮಂತ್ರಿಯ ಪದವಿ ಹೋದೊಡನೆ ಲಾಂಛನದ ಹಕ್ಕೂ ಹೋಗುತ್ತದೆ. ಮಾಜಿ ಶಾಸಕರಾಗಲಿ, ನಿವೃತ್ತ ಅಧಿಕಾರಿಗಳಾಗಲಿ ತಮ್ಮ ಕಾಗದಗಳ ಮೇಲೆ ಅದನ್ನು ಮುದ್ರಿಸುವಂತಿಲ್ಲ. ಹಕ್ಕುಳ್ಳವರು ಸಹ ಲಾಂಛನವಿರುವ ಕಾಗದದಲ್ಲಿ ತಮ್ಮ ಹೆಸರಿನೊಡನೆ ವಕೀಲ, ಸಂಪಾದಕ ಎಂಬಂಥ ವೃತ್ತಿಸೂಚಕ ಪದಗಳನ್ನು ಸೇರಿಸಬಾರದು. ಅಪ್ಪಣೆಯಿಲ್ಲದೆ ಅದನ್ನು ವ್ಯಾಪಾರಕ್ಕೆ ಬಳಸುವುದೂ ನಿಷಿದ್ಧ.

ಇಷ್ಟು ಕಟ್ಟುನಿಟ್ಟು ಏಕೆ? ವಂಚಕನೊಬ್ಬನು ಲಾಂಛನವುಳ್ಳ ಕಾಗದ ತೋರಿಸಿ, ಕೆಲಸ ಕೊಡಿಸುವೆನೆಂದು ಬಡವನಿಂದ ಹಣ ಕೀಳಬಹುದು. ಆಗ ಬಡವನು ಕಳೆದುಕೊಳ್ಳುವುದು ಹಣವನ್ನಷ್ಟೇ ಅಲ್ಲ. ಮರುದಿನ ನಿಜವಾದ ಸರ್ಕಾರಿ ಪತ್ರ ಬಂದರೂ ಅವನು ನಂಬನು. ಆದುದರಿಂದಲೇ 2005ರ ಕಾಯಿದೆಯು ಇಂಥ ದುರ್ಬಳಕೆಗೆ ಎರಡು ವರ್ಷಗಳವರೆಗೆ ಸೆರೆವಾಸವನ್ನು ಗೊತ್ತುಮಾಡಿತು.

ರಾಷ್ಟ್ರಧ್ವಜದ ಮಾತು ಬೇರೆ. 2002ನೆಯ ಇಸವಿ ಜನವರಿ 26ರಿಂದ ಜಾರಿಗೆ ಬಂದ ಧ್ವಜಸಂಹಿತೆಯಂತೆ ಯಾವ ಪ್ರಜೆಯಾದರೂ ಗೌರವದಿಂದ ಎಲ್ಲ ದಿನಗಳಲ್ಲಿಯೂ ಧ್ವಜವನ್ನು ಹಾರಿಸಬಹುದು. ಧ್ವಜವು ದೇಶಪ್ರೇಮದ ಗುರುತು. ಪ್ರೇಮಕ್ಕೆ ಅಪ್ಪಣೆ ಬೇಡ. ಲಾಂಛನವು ಅಧಿಕಾರದ ಗುರುತು; ಅಧಿಕಾರವನ್ನು ಪ್ರಜೆಗಳು ಒಪ್ಪಿಸಬೇಕು.

ಲಾಂಛನವನ್ನು ಅರಿಯಲು ಮಾತ್ರ ಯಾವ ಅಡ್ಡಿಯೂ ಇಲ್ಲ. ಅದರ ಹುಟ್ಟನ್ನೂ ಅರ್ಥವನ್ನೂ ವಿವರಿಸಲು ಪಠ್ಯಪುಸ್ತಕದ ಪಾಠದೊಳಗೆ ಅದರ ಚಿತ್ರವನ್ನು ಅಚ್ಚುಹಾಕಬಹುದು. ಸರ್ಕಾರದ ಪ್ರಕಟಣೆಯೆಂಬ ಭ್ರಮೆ ಹುಟ್ಟಿಸುವಂತೆ ರಕ್ಷಾಪುಟದ ಮೇಲೆ ಅಚ್ಚುಹಾಕಬಾರದು, ಅಷ್ಟೆ. ಅದನ್ನು ಧರಿಸುವ ಹಕ್ಕು ಕೆಲವರಿಗೆ. ಅದು ಸರಿಯಾದ ಕೈಯಲ್ಲಿದೆಯೇ ಎಂದು ಕೇಳುವ ಹಕ್ಕು ಎಲ್ಲರಿಗೆ.