ಯಂತ್ರವಿದ್ಯೆಯೂ ಸ್ತ್ರೀಯ ನಾಯಕತ್ವವೂ

ಕಾಯಕವೆಂಬ ಶಬ್ದಕ್ಕೆ ಹೊಟ್ಟೆಪಾಡಿನ ದುಡಿಮೆಯೆಂಬಷ್ಟೇ ಅರ್ಥವಿಲ್ಲ. ಅದರಲ್ಲಿ ಸ್ತ್ರೀ-ಪುರುಷ ಭೇದಕ್ಕೂ ಎಡೆಯಿಲ್ಲ. ನೂಲು ತೆಗೆದು ಜೀವಿಸಿದ ಶರಣೆ ಕದಿರ ರೆಮ್ಮವ್ವೆಯ ಹೆಸರಿನೊಳಗೇ ಆಕೆಯ ಉಪಕರಣವು ಸೇರಿಕೊಂಡಿದೆ. ಆದುದರಿಂದ ಸ್ತ್ರೀಗೂ ಯಂತ್ರಕ್ಕೂ ಇರುವ ನಂಟು ನಿನ್ನೆ ಮೊನ್ನೆಯದಲ್ಲ. ಆದರೆ ಉಪಕರಣವನ್ನು ಬಳಸುವುದು ಬೇರೆ. ಅದನ್ನು ಕಲ್ಪಿಸಿ, ಗಣಿಸಿ, ನಿರ್ಮಿಸಿ, ಇತರರಿಗೆ ಬೋಧಿಸುವ ಅಧಿಕಾರವನ್ನು ಪಡೆಯುವುದು ಬೇರೆ. ಈ ಎರಡನೆಯ ಅಧಿಕಾರವು ನಮ್ಮ ನಾಡಿನ ಸ್ತ್ರೀಯರಿಗೆ ದೊರೆತುದು ಈಚೆಗೆ. ದೊರೆತುದನ್ನು ಉಳಿಸಿಕೊಳ್ಳುವ ಬಗೆಯೇನು, ನಾಯಕತ್ವವೆಂದರೇನು ಎಂಬುದೇ ಈ ಪಾಠದ ವಿಚಾರ.

ದಾವಣಗೆರೆಯಲ್ಲಿ ಬಿ.ಡಿ.ಟಿ. ಇಂಜಿನಿಯರಿಂಗ್ ಕಾಲೇಜು 1951ರಲ್ಲಿಯೂ ಬಾಪೂಜಿ ತಾಂತ್ರಿಕ ವಿದ್ಯಾಲಯವು 1979ರಲ್ಲಿಯೂ ಸ್ಥಾಪಿತವಾದುವು. ಇಂದು ದಾವಣಗೆರೆ, ಹರಿಹರ ಮತ್ತು ಸುತ್ತಣ ಗ್ರಾಮಗಳ ಹೆಣ್ಣುಮಕ್ಕಳು ಇಂತಹ ಕಾಲೇಜುಗಳಲ್ಲಿ ಗಣಕವಿದ್ಯೆಯನ್ನೂ ವಿದ್ಯುನ್ಮಾನಶಾಸ್ತ್ರವನ್ನೂ ವ್ಯಾಸಂಗ ಮಾಡುತ್ತಿರುವರು. ಬಾಗಿಲೇನೋ ತೆರೆದಿದೆ. ಆದರೆ ಅನೇಕ ಮನೆಗಳಲ್ಲಿ ಮಗಳ ಪದವಿಯು ವಿವಾಹದ ಮಾತುಕತೆಗೆ ಒಂದು ಭೂಷಣವಾಗಿ, ವಿವಾಹವು ಮುಗಿದೊಡನೆ ಪೆಟ್ಟಿಗೆಯ ತಳವನ್ನು ಸೇರುವುದುಂಟು. ನಾಲ್ಕು ವರ್ಷ ಕಲಿತ ವಿದ್ಯೆ ನಲವತ್ತು ವರ್ಷ ಬೆಳೆಯಬೇಕಾದುದು ಅಲ್ಲಿಗೇ ನಿಲ್ಲುವುದು. ಇದು ಆಕೆಯೊಬ್ಬಳ ನಷ್ಟವಲ್ಲ. ಆಕೆಯಿಂದ ಕಲಿಯಬೇಕಾಗಿದ್ದವರೆಲ್ಲರ ನಷ್ಟ. ಈ ದೃಷ್ಟಿಯಿಂದ ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರೆಂದು ಪ್ರಸಿದ್ಧರಾದ ರಾಜೇಶ್ವರಿ ಚಟರ್ಜಿಯವರ ಜೀವನವು ಅಭ್ಯಾಸಯೋಗ್ಯವಾಗಿದೆ.

ರಾಜೇಶ್ವರಿಯವರು 1922ರಲ್ಲಿ ನಂಜನಗೂಡಿನಲ್ಲಿ ಜನಿಸಿದರು. ಅವರ ಅಜ್ಜಿ ಕಮಲಮ್ಮ ದಾಸಪ್ಪನವರು ಮೈಸೂರು ಸಂಸ್ಥಾನದ ಆದ್ಯ ಪದವೀಧರೆಯರಲ್ಲೊಬ್ಬರು. ವಿಧವೆಯರ ಮತ್ತು ಪರಿತ್ಯಕ್ತೆಯರ ಶಿಕ್ಷಣಕ್ಕಾಗಿ ದುಡಿದವರು. ಮೊಮ್ಮಗಳ ಪ್ರಾರಂಭದ ಓದು ನಡೆದುದು ಆ ಅಜ್ಜಿಯೇ ಸ್ಥಾಪಿಸಿದ ಶಾಲೆಯಲ್ಲಿ. ಮುಂದೆ ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತವನ್ನು ಆರಿಸಿಕೊಂಡು ಬಿ.ಎಸ್‌ಸಿ. ಮತ್ತು ಎಂ.ಎಸ್‌ಸಿ. ಪದವಿಗಳನ್ನು ಗಳಿಸಿದರು. 1943ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯುತ್ ವಿಭಾಗವನ್ನು ಸಂಶೋಧನಾ ವಿದ್ಯಾರ್ಥಿನಿಯಾಗಿ ಸೇರಿದರು. ಸರ್ಕಾರದ ವಿದ್ಯಾರ್ಥಿವೇತನವು ದೊರೆಯಲು 1947ರಲ್ಲಿ, ಅವಿವಾಹಿತೆಯಾಗಿಯೇ, ಅಮೆರಿಕೆಯ ಮಿಷಿಗನ್ ವಿಶ್ವವಿದ್ಯಾನಿಲಯಕ್ಕೆ ತೆರಳಿದರು. ಆ ಕಾಲದಲ್ಲಿ ಇದು ಸಾಮಾನ್ಯ ಸಾಹಸವಲ್ಲ. ಅಲ್ಲಿ ಸ್ನಾತಕೋತ್ತರ ಪದವಿಯನ್ನೂ, ವಾಷಿಂಗ್ಟನ್ನಿನ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ಎಂಟು ತಿಂಗಳ ತರಬೇತಿಯನ್ನೂ, ಕೊನೆಗೆ ಡಾಕ್ಟರೇಟನ್ನೂ ಪಡೆದು 1953ರಲ್ಲಿ ಸ್ವದೇಶಕ್ಕೆ ಮರಳಿ, ತಾವು ವಿದ್ಯಾರ್ಥಿನಿಯಾಗಿದ್ದ ಸಂಸ್ಥೆಯಲ್ಲಿಯೇ ಅಧ್ಯಾಪಕಿಯಾದರು.

ಅವರು ಕೈಗೊಂಡ ಶಾಸ್ತ್ರವು ಸೂಕ್ಷ್ಮತರಂಗಗಳದು. ರೇಡಿಯೋ ತರಂಗಗಳಲ್ಲಿ ಸುಮಾರು ಒಂದು ಮೀಟರಿನಿಂದ ಒಂದು ಮಿಲಿಮೀಟರಿನವರೆಗಿನ ಉದ್ದವುಳ್ಳವುಗಳಿಗೆ ಈ ಹೆಸರು. ವಿಮಾನವನ್ನು ದೂರದಿಂದಲೇ ಕಾಣಿಸುವ ರಾಡಾರ್, ಉಪಗ್ರಹದೊಡನೆ ನಡೆಯುವ ಸಂದೇಶವಿನಿಮಯ, ಇಂದಿನ ಕೈಫೋನು ಇವೆಲ್ಲವೂ ಇವುಗಳನ್ನೇ ಅವಲಂಬಿಸಿವೆ. ತರಂಗವನ್ನು ಆಕಾಶಕ್ಕೆ ಬಿಡುವ ಮತ್ತು ಹಿಡಿಯುವ ಸಾಧನವು ಆಂಟೆನಾ. ಅದರ ಆಕಾರವೂ ಅಳತೆಯೂ ತುಸು ಬದಲಾದರೂ ತರಂಗವು ಹರಡುವ ದಿಕ್ಕು ಬದಲಾಗುವುದರಿಂದ, ಈ ವಿದ್ಯೆಗೆ ಗಣಿತವೇ ಕಣ್ಣು. ಅದೇ ವಿಭಾಗದ ಪ್ರಾಧ್ಯಾಪಕರಾದ ಶಿಶಿರ ಕುಮಾರ ಚಟರ್ಜಿಯವರನ್ನು ವಿವಾಹವಾದ ಬಳಿಕ ದಂಪತಿಗಳಿಬ್ಬರೂ ಕೂಡಿ ಅಲ್ಲಿ ಸೂಕ್ಷ್ಮತರಂಗ ಸಂಶೋಧನೆಗಾಗಿ ಪ್ರಯೋಗಶಾಲೆಯನ್ನು ಕಟ್ಟಿದರು. ರಾಜೇಶ್ವರಿಯವರು ನೂರಕ್ಕೂ ಮಿಕ್ಕ ಸಂಶೋಧನ ಲೇಖನಗಳನ್ನೂ ಏಳು ಗ್ರಂಥಗಳನ್ನೂ ರಚಿಸಿ, ವಿಭಾಗದ ಮುಖ್ಯಸ್ಥೆಯೂ ಆಗಿ, 1982ರಲ್ಲಿ ನಿವೃತ್ತರಾದರು, 2010ರಲ್ಲಿ ನಿಧನಹೊಂದಿದರು.

ಈ ಚರಿತ್ರೆಯಿಂದ ಗ್ರಹಿಸತಕ್ಕ ಅಂಶಗಳು ನಾಲ್ಕು.

ಮೊದಲನೆಯದು, ಬುನಾದಿಯ ಬಲ. ರಾಜೇಶ್ವರಿಯವರು ವ್ಯಾಸಂಗ ಮಾಡುತ್ತಿದ್ದ ಕಾಲದಲ್ಲಿ ರೇಡಿಯೋ ವಿದ್ಯೆಯು ನಿರ್ವಾತ ನಳಿಕೆಗಳ ಮೇಲೆ ನಿಂತಿತ್ತು. ಅವರು ನಿವೃತ್ತರಾಗುವ ವೇಳೆಗೆ ಬಹುಮಟ್ಟಿಗೆ ಆ ಸ್ಥಾನವನ್ನು ಅರೆವಾಹಕಗಳು ಆಕ್ರಮಿಸಿದ್ದುವು. ಸಲಕರಣೆಗಳು ಬದಲಾದುವು, ತರಂಗದ ಗಣಿತವು ಬದಲಾಗಲಿಲ್ಲ. ಇದಕ್ಕೆ ನಮ್ಮ ನೆರೆಯಲ್ಲಿಯೇ ನಿದರ್ಶನವುಂಟು. 1941ರಲ್ಲಿ ಹರಿಹರದಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳು ಹೆಸರಾಗಿದ್ದುವು. ಅದು ಈಗ ನಡೆಯುತ್ತಿಲ್ಲ. ದಾವಣಗೆರೆಯ ಹತ್ತಿಯ ಗಿರಣಿಗಳಲ್ಲಿಯೂ ಹಲವು ಮುಚ್ಚಿಹೋದುವು. ಒಂದೇ ಯಂತ್ರದ ಗುಂಡಿಗಳನ್ನು ಮಾತ್ರ ಬಲ್ಲವನ ವಿದ್ಯೆಯು ಕಾರ್ಖಾನೆಯ ಬಾಗಿಲೊಡನೆ ಮುಚ್ಚುವುದು. ಅಳತೆ, ನಕ್ಷೆ, ಲೋಹದ ಗುಣ ಇವುಗಳನ್ನು ಬಲ್ಲವನು ಬೇರೆಡೆಯಲ್ಲಿ ಕೈಯೂರಬಲ್ಲನು. ಗಣಕವಿದ್ಯೆಯಲ್ಲಿಯೂ ಹಾಗೆಯೇ. ಇಂದಿನ ಭಾಷೆಯೊಂದನ್ನು ಕಲಿತು ತೃಪ್ತರಾಗದೆ, ತರ್ಕವನ್ನೂ ಗಣಿತವನ್ನೂ ಗಟ್ಟಿಮಾಡಿಕೊಳ್ಳಬೇಕು.

ಎರಡನೆಯದು, ಕ್ಷೇತ್ರವನ್ನು ದಾಟುವ ಧೈರ್ಯ. ಗಣಿತದ ಪದವೀಧರೆಯು ಬೋಧನೆಗಷ್ಟೇ ಅರ್ಹಳೆಂದು ಅವರು ಭಾವಿಸಲಿಲ್ಲ. ತಮ್ಮಲ್ಲಿದ್ದ ವಿದ್ಯೆಯನ್ನೇ ಊರುಗೋಲಾಗಿ ಹಿಡಿದು, ಅಂದು ಸ್ತ್ರೀಯರ ಸುಳಿವಿಲ್ಲದಿದ್ದ ಕ್ಷೇತ್ರವನ್ನು ಪ್ರವೇಶಿಸಿದರು. ಸಂಪೂರ್ಣ ಸಿದ್ಧತೆಯಾದ ಮೇಲೆಯೇ ಹೊರಡುತ್ತೇನೆಂಬುವಳು ಹೊರಡುವುದೇ ಇಲ್ಲ.

ಮೂರನೆಯದು, ಗೃಹಸ್ಥಧರ್ಮದ ಸಹಕಾರ. ಇವರ ದಾಂಪತ್ಯವು ಕಾಯಕಕ್ಕೆ ಅಂತ್ಯವಾಗದೆ ಆಸರೆಯಾಯಿತು. ಪತಿಪತ್ನಿಯರಿಬ್ಬರೂ ಒಂದೇ ಶಾಸ್ತ್ರದಲ್ಲಿರುವ ಯೋಗವು ಎಲ್ಲರಿಗೂ ಬರಲಾರದು, ಸರಿ. ಆದರೆ ಮನೆಯ ಭಾರವನ್ನು ಹಂಚಿಕೊಳ್ಳುವುದು ಯಾವ ಶಾಸ್ತ್ರದವನಿಗೂ ಸಾಧ್ಯ. ವಿವಾಹಕ್ಕೆ ಮುನ್ನ ಒಡವೆ ವಸ್ತ್ರಗಳ ಮಾತನ್ನು ಬಿಚ್ಚಿ ಆಡುವ ಹಿರಿಯರು, ಕನ್ಯೆಯ ಉದ್ಯೋಗವು ಮುಂದುವರಿಯುವುದೆ ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಆಡತಕ್ಕದ್ದು. ಅಂದು ಕೇಳದೆ ಬಿಟ್ಟ ಪ್ರಶ್ನೆಗೆ ಬಳಿಕ ಕಣ್ಣೀರೇ ಉತ್ತರವಾಗುವುದು.

ನಾಲ್ಕನೆಯದೂ ಮುಖ್ಯವಾದುದೂ ನಾಯಕತ್ವದ ಸ್ವರೂಪ. ಎತ್ತರದ ಕುರ್ಚಿ, ಅಪ್ಪಣೆ ಕೊಡುವ ಅಧಿಕಾರ ಇವೇ ನಾಯಕತ್ವವೆಂದು ಲೋಕವು ಬಗೆಯುತ್ತದೆ. ಕುರ್ಚಿಯು ನಿವೃತ್ತಿಯ ದಿನ ಇನ್ನೊಬ್ಬರ ಪಾಲಾಗುವುದು. ರಾಜೇಶ್ವರಿಯವರು ಬಿಟ್ಟುಹೋದುದು ಬೇರೆ ಬಗೆಯ ಆಸ್ತಿ. ಅವರ ಮಾರ್ಗದರ್ಶನದಲ್ಲಿ ಇಪ್ಪತ್ತು ಮಂದಿ ಡಾಕ್ಟರೇಟ್ ಪಡೆದರು. ಅವರ ಮಗಳೂ ವಿದ್ಯುತ್ ಇಂಜಿನಿಯರಿಂಗಿನಲ್ಲಿ ಪ್ರಾಧ್ಯಾಪಕಿಯಾದರು. ನಿವೃತ್ತಿಯ ನಂತರ ಸ್ತ್ರೀ ಅಧ್ಯಯನದ ಭಾರತೀಯ ಸಂಘದೊಡನೆ ಸೇರಿ ದುಡಿದರು. ಅಜ್ಜಿಯು ಹಚ್ಚಿದ ದೀಪವು ಮೊಮ್ಮಗಳಲ್ಲಿ ನಿಲ್ಲದೆ ಮುಂದಕ್ಕೆ ಹೋಯಿತು. ವಿದ್ಯೆಯ ದಾಸೋಹವೆಂದರೆ ಇದೇ. ತಾನು ಕಲಿತುದನ್ನು ಬಚ್ಚಿಡುವ ಅಧಿಕಾರಿಯು ಒಡೆಯನಾಗಬಹುದು, ನಾಯಕನಾಗಲಾರನು. ತನ್ನ ಕೈಕೆಳಗಿನವರು ತನ್ನನ್ನು ಮೀರಿಸಿದಾಗ ಸಂತೋಷಪಡುವವರೇ ನಾಯಕರು.

ಆದುದರಿಂದ ದಾವಣಗೆರೆಯ ಕಾಲೇಜಿನಲ್ಲಿ ಕೊನೆಯ ವರ್ಷದಲ್ಲಿರುವ ವಿದ್ಯಾರ್ಥಿನಿಯು ನಾಯಕತ್ವಕ್ಕಾಗಿ ಪದವಿಯ ದಿನದವರೆಗೂ ಕಾಯಬೇಕಾಗಿಲ್ಲ. ಮೊದಲನೆಯ ವರ್ಷದವಳೊಬ್ಬಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಿಡಿಸಲಾಗದ ಲೆಕ್ಕವೊಂದನ್ನು ಬಿಡಿಸಿ ತೋರಿಸಿದರೆ ಅದು ಅಂದಿನಿಂದಲೇ ಪ್ರಾರಂಭವಾಗುವುದು.

ಮನನಕ್ಕಾಗಿ ಪ್ರಶ್ನೆಗಳು

1. ಸಲಕರಣೆಗೂ ಬುನಾದಿಗೂ ಇರುವ ಭೇದವನ್ನು ನಿಮ್ಮ ಸ್ವಂತ ಉದ್ಯೋಗದಿಂದ ಉದಾಹರಿಸಿರಿ.

2. ನಿಮ್ಮ ಮನೆಯ ಹೆಣ್ಣುಮಗಳ ವಿದ್ಯೆಯು ವಿವಾಹಾನಂತರ ಬೆಳೆಯಲು ಯಾರು ಯಾವ ಭಾರವನ್ನು ಹೊರಬೇಕು?

3. ಒಡೆತನಕ್ಕೂ ನಾಯಕತ್ವಕ್ಕೂ ಇರುವ ಅಂತರವೇನು? ನೀವು ಯಾರಿಗೆ ಏನನ್ನು ಕಲಿಸಿರುವಿರಿ?