ಟ್ರೇಲರ್ ಲೋಡ್ ಮಾಡುವಾಗ ಟ್ರ್ಯಾಕ್ಟರ್‌ನ ಮುಂದಿನ ಚಕ್ರ ನೋಡಿ

ಗೊಬ್ಬರ, ಕಬ್ಬು, ತೆಂಗಿನಕಾಯಿ ಏನೇ ಸಾಗಿಸಲಿ, ನಾವು ಮೊದಲು ಕೇಳೋದು "ಈ ಟ್ರ್ಯಾಕ್ಟರ್ ಎಷ್ಟು ಟನ್ ಎಳೆಯುತ್ತೆ?" ಅಂತ. ಅದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ: ಲೋಡ್ ಆದ ಮೇಲೆ ಮುಂದಿನ ಚಕ್ರಗಳ ಮೇಲೆ ಎಷ್ಟು ತೂಕ ಉಳಿದಿದೆ? ಸ್ಟೇರಿಂಗ್ ಕೆಲಸ ಮಾಡೋದು ಆ ತೂಕದಿಂದಲೇ. ಅದು ಕಡಿಮೆಯಾದರೆ ತಿರುವಿನಲ್ಲಿ ಗಾಡಿ ನೇರ ಹೋಗುತ್ತದೆ, ಏರಿನಲ್ಲಿ ಮೂತಿ ಮೇಲೇಳುತ್ತದೆ. ಮೂತಿ ಎದ್ದರೆ ಟ್ರ್ಯಾಕ್ಟರ್ ಹಿಂದಕ್ಕೆ ಮಗುಚಲು ಒಂದೆರಡು ಸೆಕೆಂಡ್ ಸಾಕು, ಚಾಲಕ ಇಳಿಯೋಕೂ ಸಮಯ ಸಿಗಲ್ಲ.

ತೂಕ ಎಲ್ಲಿಗೆ ಹೋಗುತ್ತದೆ?

ನಾಲ್ಕು ಚಕ್ರದ ಟ್ರೇಲರ್ ತನ್ನ ಭಾರವನ್ನು ಹೆಚ್ಚುಕಡಿಮೆ ತಾನೇ ಹೊರುತ್ತದೆ. ಎರಡು ಚಕ್ರದ್ದು ಹಾಗಲ್ಲ, ಒಂದು ಪಾಲನ್ನು ಟ್ರ್ಯಾಕ್ಟರ್‌ನ ಹಿಚ್ ಮೇಲೆ ಹೇರುತ್ತದೆ. ಹಿಚ್ ಇರುವುದು ಹಿಂದಿನ ಆಕ್ಸಲ್‌ಗಿಂತ ಹಿಂದೆ. ಹಾಗಾಗಿ ಏತದ ಹಾಗೆ ಹಿಂದೆ ಒತ್ತಿದಷ್ಟು ಮುಂದೆ ಹಗುರ.

ಒಂದು ಲೆಕ್ಕ ನೋಡೋಣ. ಲೋಡ್ 3000 ಕೆಜಿ, ಹಿಚ್‌ನಿಂದ ಟ್ರೇಲರ್ ಆಕ್ಸಲ್‌ಗೆ 300 ಸೆಂ.ಮೀ. ಲೋಡಿನ ಮಧ್ಯಬಿಂದು ಆಕ್ಸಲ್‌ಗಿಂತ 90 ಸೆಂ.ಮೀ. ಮುಂದಿದ್ದರೆ ಹಿಚ್ ಮೇಲೆ ಬೀಳೋದು 3000 × 90 ÷ 300 = 900 ಕೆಜಿ. ಪಿನ್ ಹಿಂದಿನ ಆಕ್ಸಲ್‌ನಿಂದ 60 ಸೆಂ.ಮೀ. ಹಿಂದೆ, ಟ್ರ್ಯಾಕ್ಟರ್‌ನ ಎರಡು ಆಕ್ಸಲ್ ನಡುವೆ 200 ಸೆಂ.ಮೀ. ಅಂದುಕೊಳ್ಳಿ. ಮುಂದಿನ ಚಕ್ರಗಳು ಕಳೆದುಕೊಳ್ಳೋದು 900 × 60 ÷ 200 = 270 ಕೆಜಿ. ಅದೇ ಲೋಡನ್ನು 60 ಸೆಂ.ಮೀ. ಹಿಂದಕ್ಕೆ ಸರಿಸಿದರೆ ಹಿಚ್ ಮೇಲೆ 300 ಕೆಜಿ, ಮುಂದೆ ಕಳೆಯೋದು ಬರೀ 90 ಕೆಜಿ.

ಹಾಗಂತ ಪೂರ್ತಿ ಹಿಂದಕ್ಕೆ ಹಾಕ್ಬೇಡಿ. ಭಾರ ಆಕ್ಸಲ್‌ನ ಹಿಂದೆ ಹೋದರೆ ಟ್ರೇಲರ್ ಹಿಚ್ಚನ್ನು ಮೇಲಕ್ಕೆ ಎತ್ತುತ್ತದೆ, ಹಿಂದಿನ ಟಯರ್ ಹಿಡಿತ ತಪ್ಪುತ್ತದೆ, ಟ್ರೇಲರ್ ಬಾಲ ಆಡಿಸುತ್ತದೆ. ಹಿಂದೆ ಉದ್ದಕ್ಕೆ ಚಾಚಿದ ಕಬ್ಬಿನ ಲೋಡಿನಲ್ಲಿ ಈ ಅಪಾಯ ಹೆಚ್ಚು.

ಅಮೆರಿಕದಲ್ಲಿ ಪಿಕಪ್ ಗಾಡಿಗೆ ಭಾರಿ ಟ್ರೇಲರ್ ಕಟ್ಟುವಾಗ ಇದಕ್ಕೇ ಒಂದು ಹಿಚ್ ಬಳಸುತ್ತಾರೆ. ಅದರ ಎರಡು ಸ್ಪ್ರಿಂಗ್ ಬಾರ್‌ಗಳನ್ನು ಬಿಗಿಗೊಳಿಸಿದರೆ ಹಿಚ್ ಮೇಲಿನ ಭಾರದ ಪಾಲು ಮುಂದಿನ ಚಕ್ರಕ್ಕೂ ಟ್ರೇಲರ್ ಆಕ್ಸಲ್‌ಗೂ ಹಂಚಿಹೋಗುತ್ತದೆ. ನಮ್ಮ ಟ್ರ್ಯಾಕ್ಟರ್‌ನಲ್ಲಿ ಆ ಬಾರ್ ಇಲ್ಲ. ಲೋಡ್ ಜೋಡಣೆ, ಹಿಚ್ ಎತ್ತರ, ಮುಂದಿನ ವೇಟ್ ಈ ಮೂರರಿಂದಲೇ ನಾವು ಆ ಕೆಲಸ ಮಾಡ್ಕೋಬೇಕು.

ಮಾಡುವ ಕ್ರಮ

1. ವೇಬ್ರಿಡ್ಜ್‌ನಲ್ಲಿ ಅಳೆಯಿರಿ. ಮೊದಲು ಖಾಲಿ ಟ್ರ್ಯಾಕ್ಟರ್ ಪೂರ್ತಿ ತೂಗಿ. ಆಮೇಲೆ ಲೋಡಾದ ಟ್ರೇಲರ್ ಕಟ್ಟಿಕೊಂಡೇ ಮುಂದಿನ ಎರಡು ಚಕ್ರ ಮಾತ್ರ ತಟ್ಟೆ ಮೇಲೆ ನಿಲ್ಲಿಸಿ ತೂಗಿ. ಇದು ಖಾಲಿ ಟ್ರ್ಯಾಕ್ಟರ್ ತೂಕದ ಶೇ. 20ಕ್ಕಿಂತ ಕಡಿಮೆ ಇರಬಾರದು. 2000 ಕೆಜಿ ಟ್ರ್ಯಾಕ್ಟರ್‌ಗೆ 400 ಕೆಜಿ. ಇದು ಸಮತಟ್ಟಿನ ಲೆಕ್ಕ, ಏರು ಹತ್ತುವವರಿಗೆ ಇನ್ನೂ ಹೆಚ್ಚು ಬೇಕು.

2. ಹಿಚ್ ಮೇಲಿನ ಭಾರ ತಿಳಿಯಲು, ಟ್ರೇಲರ್ ಬಿಚ್ಚದೆ ಟ್ರ್ಯಾಕ್ಟರ್‌ನ ನಾಲ್ಕೂ ಚಕ್ರ ಮಾತ್ರ ತೂಗಿ, ಖಾಲಿ ತೂಕ ಕಳೆಯಿರಿ. ಉಳಿದದ್ದೇ ಹಿಚ್ ಭಾರ. ಟ್ರ್ಯಾಕ್ಟರ್ ಕೈಪಿಡಿಯಲ್ಲಿರುವ ಮಿತಿಯನ್ನು ಇದು ದಾಟಬಾರದು.

3. ಹಿಚ್ ತಗ್ಗಿನಲ್ಲಿರಲಿ. 4 ಟನ್ ಟ್ರೇಲರ್ 10 ಅಡಿಗೆ 1 ಅಡಿ ಏರುವ ದಾರಿ ಹತ್ತಲು, ಆ ಏರಿಗೇ ಸುಮಾರು 400 ಕೆಜಿ ಎಳೆತ ಬೇಕು. ಎಳೆಯುವ ಬಿಂದು ಎತ್ತರವಾದಷ್ಟೂ ಆ ಎಳೆತ ಮೂತಿಯನ್ನು ಮೇಲೆತ್ತುತ್ತದೆ. ಟಾಪ್ ಲಿಂಕ್ ಬ್ರಾಕೆಟ್‌ಗೆ ಸರಪಳಿ ಹಾಕಿ ಎಳೆಯೋದು ಬೇಡವೇ ಬೇಡ.

4. ಮುಂದೆ ಕಂಪನಿ ಕೊಡುವ ವೇಟ್ ಹಾಕಿ. ಮುಂದಿನ ಆಕ್ಸಲ್‌ಗಿಂತ 60 ಸೆಂ.ಮೀ. ಮುಂದೆ ತೂಗುವ 70 ಕೆಜಿ ವೇಟ್, ಚಕ್ರದ ಮೇಲೆ ಸುಮಾರು 90 ಕೆಜಿ ಕೊಡುತ್ತದೆ. ಹಿಂದಿನ ಟಯರ್‌ಗೆ ನೀರು ತುಂಬಿಸಿದರೆ ಹಿಡಿತ ಸಿಗುತ್ತದೆ, ಆದರೆ ಮುಂದಕ್ಕೆ ತೂಕ ಬರಲ್ಲ.

5. ಪಿನ್‌ಗೆ ಲಾಕ್ ಹಾಕಿ, ಸೇಫ್ಟಿ ಚೈನ್ ಕಟ್ಟಿ. ರಸ್ತೆಗೆ ಇಳಿಯೋ ಮೊದಲು ಎರಡೂ ಬ್ರೇಕ್ ಪೆಡಲ್ ಜೋಡಿಸಿ.

ಸಾವಯವ ಕೃಷಿಕರಿಗೆ

ನಾನು ಜೀವಾಮೃತವನ್ನು 200 ಲೀಟರ್ ಡ್ರಮ್‌ಗಳಲ್ಲಿ ಸಾಗಿಸುತ್ತೇನೆ. ಹತ್ತು ಡ್ರಮ್ ಅಂದರೆ 2 ಟನ್ ಮೇಲಾಯ್ತು. ಆಕ್ಸಲ್ ಮೇಲೆ ಮತ್ತು ಅದರ ಸ್ವಲ್ಪ ಮುಂದೆ ಡ್ರಮ್ ಜೋಡಿಸಿ ಹಗ್ಗ ಬಿಗಿಯುತ್ತೇನೆ. ಅರ್ಧ ತುಂಬಿದ ಡ್ರಮ್ ಒಯ್ಯಲ್ಲ, ಏರಿನಲ್ಲಿ ದ್ರವ ಹಿಂದಕ್ಕೆ ನುಗ್ಗಿ ಭಾರದ ಜಾಗವೇ ಬದಲಾಗುತ್ತೆ. ಹಸಿ ಗೊಬ್ಬರ ಒಣಗಿದ್ದಕ್ಕಿಂತ ತುಂಬಾ ತೂಕ, ಟ್ರೇಲರ್ ತುಂಬಿದ್ದನ್ನು ನೋಡಿ ಅಂದಾಜು ಮಾಡ್ಬೇಡಿ.

ಏರಿನಲ್ಲಿ ಕ್ಲಚ್ ಫಕ್ಕನೆ ಬಿಡಬೇಡಿ. ಮೂತಿ ಎದ್ದರೆ ತಕ್ಷಣ ಕ್ಲಚ್ ಒತ್ತಿ, ಮೂತಿ ನೆಲ ಮುಟ್ಟಿದ ಮೇಲೆ ಬ್ರೇಕ್ ಹಿಡಿಯಿರಿ. ಇಳಿಜಾರಿನಲ್ಲಿ ನ್ಯೂಟ್ರಲ್ ಬೇಡ. ಮಡ್‌ಗಾರ್ಡ್ ಮೇಲೆ ಯಾರನ್ನೂ ಕೂರಿಸಬೇಡಿ.

ಮುಂದಿನ ಸಲ ವೇಬ್ರಿಡ್ಜ್‌ಗೆ ಹೋದಾಗ ಮುಂದಿನ ಚಕ್ರದ ತೂಕವನ್ನೂ ಒಮ್ಮೆ ತೂಗಿಸಿ, ಮೊಬೈಲ್‌ನಲ್ಲಿ ಬರೆದಿಟ್ಟುಕೊಳ್ಳಿ. ನಿಮ್ಮ ಟ್ರ್ಯಾಕ್ಟರ್ ನಿಜವಾಗಿ ಎಷ್ಟು ಎಳೆಯಬಹುದು ಅಂತ ಹಾರ್ಸ್‌ಪವರ್‌ಗಿಂತ ಚೆನ್ನಾಗಿ ಆ ಅಂಕಿ ಹೇಳುತ್ತದೆ.