ದಂಡಿಗೆ ಬೆನ್ನಾಗುವುದು: ನಿಡಘಟ್ಟದ ಮಕ್ಕಳಿಗೆ ಒಂದು ಕಿವಿಮಾತು

ನಿಡಘಟ್ಟದ ಹುಡುಗರೇ, ಹೆಣ್ಣುಮಕ್ಕಳೇ,

ನಸುಕಿನಲ್ಲಿ ಸರ್ವೀಸ್ ರಸ್ತೆಯ ಮೇಲೆ ನೀವು ಓಡುವುದನ್ನು ನೋಡುತ್ತಿರುತ್ತೇನೆ. ಅಗ್ನಿವೀರ್ ರ‍್ಯಾಲಿಗೆ ತಯಾರಿ ಎಂದು ಗೊತ್ತು. ಸೇನೆ ಸೇರಬೇಕೆಂಬ ಆಸೆ ದೊಡ್ಡದು, ಅದಕ್ಕೆ ನನ್ನ ಆಶೀರ್ವಾದ ಇದ್ದೇ ಇದೆ. ಆದರೆ ಅದೇ ನೀವು ಸಂಜೆ ಟೀ ಅಂಗಡಿ ಮುಂದೆ ಕೂತು, ‘ಒಂದು ಬಾಂಬ್ ಹಾಕಿದ್ರೆ ಎಲ್ಲಾ ಮುಗೀತು’ ಎಂದು ಮಾತಾಡುವಾಗ ನನಗೆ ಚಿಂತೆಯಾಗುತ್ತದೆ. ಯಾವ ಯುದ್ಧವೂ ಹಾಗೆ ಮುಗಿಯುವುದಿಲ್ಲ. ಮುಂದೆ ನಿಂತು ಹೋರಾಡುವವನ ಬೆನ್ನಿಗೆ ಅನ್ನ, ಸುದ್ದಿ, ಸಾಮಾನು, ಒಗ್ಗಟ್ಟಿನ ಜನ ಇಷ್ಟೂ ಗಟ್ಟಿಯಾಗಿದ್ದರೆ ಮಾತ್ರ ಅವನ ಶೌರ್ಯ ಕೈಗೂಡುತ್ತದೆ. ಆ ಬೆನ್ನು ನೀವೇ. ಸಮವಸ್ತ್ರ ಹಾಕಿದರೂ ನೀವೇ, ಹಾಕದಿದ್ದರೂ ನೀವೇ.

ಇದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ, ನಮ್ಮ ಸೀಮೆಯಲ್ಲೇ ನಡೆದದ್ದಿದೆ. 1791ರ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆ ಹಿಡಿದ ಇಂಗ್ಲಿಷರ ಲಾರ್ಡ್ ಕಾರ್ನ್‌ವಾಲಿಸ್, ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಮೇಲೆ ದಂಡು ಹೊರಡಿಸಿದ. ಚನ್ನಪಟ್ಟಣದ ನೇರ ದಾರಿಯನ್ನು ಟಿಪ್ಪು ಕಾಯುತ್ತಿದ್ದ. ಅದಕ್ಕೆ ಕಾರ್ನ್‌ವಾಲಿಸ್ ಕನಕಪುರದ ಕಡೆಯಿಂದ ಸುತ್ತಿ ಬಂದ. ಬಂದ ದಾರಿಯಲ್ಲಿ ಹುಲ್ಲಿಲ್ಲ, ಕಾಳಿಲ್ಲ. ಶತ್ರುವಿಗೆ ಏನೂ ಸಿಗದಂತೆ ಟಿಪ್ಪು ಎಲ್ಲವನ್ನೂ ಸುಡಿಸಿದ್ದ. ಮೇ 15ರಂದು ಅರಕೆರೆಯ ಕಡೆ ಕಾಳಗವಾಯಿತು. ಗೆದ್ದವನು ಕಾರ್ನ್‌ವಾಲಿಸ್. ಆದರೆ ಗೆದ್ದು ಮಾಡುವುದೇನು? ಹೊಳೆ ಏರಿತ್ತು, ಮಳೆ ಹಿಡಿದಿತ್ತು, ಮೇವಿಲ್ಲದೆ, ರೋಗ ಬಡಿದು ಎತ್ತುಗಳು ಸಾಲುಸಾಲಾಗಿ ಬಿದ್ದವು. ಕೋಟೆ ಒಡೆಯಲು ತಂದಿದ್ದ ದೊಡ್ಡ ಫಿರಂಗಿಗಳನ್ನು ಸಿಪಾಯಿಗಳೇ ಹಗ್ಗ ಹಿಡಿದು ಎಳೆಯಬೇಕಾಯಿತು. ಕೊನೆಗೆ ಅವನ್ನೆಲ್ಲ ತಾನೇ ಕೆಡಿಸಿ ಬಿಟ್ಟು, ಗೆದ್ದ ದೊರೆ ಬೆಂಗಳೂರಿನ ಕಡೆ ಮುಖ ಮಾಡಿದ. ಅವನನ್ನು ಹಿಮ್ಮೆಟ್ಟಿಸಿದ್ದು ಕತ್ತಿಯಲ್ಲ, ಎತ್ತಿನ ಖಾಲಿ ಹೊಟ್ಟೆ.

ಇನ್ನೊಂದು ಸಂಗತಿ ಕೇಳಿ. ಕಾರ್ನ್‌ವಾಲಿಸ್‌ನ ದಂಡು ಹಿಂದಿರುಗುವಾಗ ಮೇಲುಕೋಟೆಯ ಬಳಿ ಕುದುರೆಸವಾರರ ಗುಂಪು ಕಂಡಿತು. ಶತ್ರುಗಳೆಂದುಕೊಂಡರು, ನೋಡಿದರೆ ತಮ್ಮ ಮಿತ್ರರಾದ ಮರಾಠರ ದಂಡು! ಅಷ್ಟು ಹತ್ತಿರ ಬಂದಿದ್ದರೂ ಇವರಿಗೆ ಅವರ ಸುಳಿವಿರಲಿಲ್ಲ. ನಡುವೆ ಓಡಾಡುವ ಹರಿಕಾರರನ್ನು ಟಿಪ್ಪುವಿನ ಸವಾರರು ಹಿಡಿದುಬಿಡುತ್ತಿದ್ದರು. ಆ ಸುದ್ದಿ ಕೆಲವು ದಿನ ಮೊದಲೇ ತಲುಪಿದ್ದರೆ ಫಿರಂಗಿಗಳು ಉಳಿಯುತ್ತಿದ್ದವು. ಇಂದು ಶತ್ರುವಿನ ರೇಡಿಯೊ, ಜಿಪಿಎಸ್ ಸಂಕೇತಗಳನ್ನು ಜಾಮ್ ಮಾಡುವುದು ಎನ್ನುತ್ತಾರಲ್ಲ, ಅದರ ಮೂಲ ಉದ್ದೇಶವೂ ಇದೇ.

ಕಾರ್ನ್‌ವಾಲಿಸ್ ಪಾಠ ಕಲಿತ. 1792ರ ಫೆಬ್ರವರಿಯಲ್ಲಿ ಮತ್ತೆ ಬಂದಾಗ ಅವನ ಹಿಂದೆ ಸಾವಿರಾರು ಹೇರೆತ್ತುಗಳಲ್ಲಿ ಧಾನ್ಯ ಹೊತ್ತ ಲಂಬಾಣಿ ವ್ಯಾಪಾರಿಗಳಿದ್ದರು, ಪಕ್ಕದಲ್ಲಿ ಮರಾಠರು, ನಿಜಾಮನವರು ಇದ್ದರು. ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಡಬೇಕಾಯಿತು. ಇಂಗ್ಲಿಷರು ಮತ್ತೆ ದಂಡೆತ್ತಿ ಬಂದಾಗ, 1799ರ ಮಾರ್ಚ್ 27ರಂದು ನಮ್ಮ ಮಳವಳ್ಳಿಯಲ್ಲಿ ಕಾಳಗ ನಡೆಯಿತು. ಅದಾದ ಮೇಲೆ ಅವರ ಜನರಲ್ ಹ್ಯಾರಿಸ್ ಅರಕೆರೆಯ ದಾರಿಯಲ್ಲೇ ಬರುತ್ತಾನೆಂದು ಟಿಪ್ಪು ಎಣಿಸಿ, ಅಲ್ಲಿನ ಮೇವನ್ನೆಲ್ಲ ನಾಶ ಮಾಡಿಸಿದ. ಹ್ಯಾರಿಸ್ ದಕ್ಷಿಣಕ್ಕೆ ತಿರುಗಿ ಸೋಸಲೆಯ ಬಳಿ ಕಾವೇರಿ ದಾಟಿಬಿಟ್ಟ. ಅಲ್ಲಿ ಮೇವು ಹಾಗೇ ಇತ್ತು. ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು. ಹಿಂದೊಮ್ಮೆ ಗೆಲ್ಲಿಸಿದ ಉಪಾಯವನ್ನೇ ಎರಡನೆಯ ಸಲವೂ ನೆಚ್ಚಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಮೈಸೂರಿನ ರಾಕೆಟ್ಟುಗಳ ವಿಷಯ ನಿಮಗೆ ಗೊತ್ತು. ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿ ಹಾರಿಸುವುದರಲ್ಲಿ ಆ ಕಾಲಕ್ಕೆ ನಮ್ಮವರನ್ನು ಮೀರಿಸಿದವರಿರಲಿಲ್ಲ. ಅವನ್ನು ಹಾರಿಸಿದ 1780ರ ಪೊಲ್ಲಿಲೂರು ಕಾಳಗದಲ್ಲಿ ಇಂಗ್ಲಿಷರು ಸೋತು ಸುಣ್ಣವಾದರು. ಆದರೆ ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ರಾಕೆಟ್ಟುಗಳು ಇಂಗ್ಲೆಂಡಿನ ವೂಲಿಚ್‌ಗೆ ಹೋದವು. ಅಲ್ಲಿ ವಿಲಿಯಂ ಕಾಂಗ್ರೀವ್ ಅವನ್ನು ಪರೀಕ್ಷಿಸಿ, ಅಳತೆ ಹಿಡಿದು, ತಿದ್ದಿ, ಹೊಸದಾಗಿ ಮಾಡಿದ. ನಮ್ಮ ಕೈಯಲ್ಲಿ ಹುಟ್ಟಿದ್ದನ್ನು ಬೆಳೆಸಿದವರು ಬೇರೆಯವರು. ಅಸ್ತ್ರ ಇದ್ದರೆ ಸಾಲದು. ಅದನ್ನು ದಿನದಿನವೂ ತಿದ್ದುವ ಕಾರ್ಖಾನೆ, ಪ್ರಯೋಗಶಾಲೆ, ಓದಿದ ಮಕ್ಕಳು ಬೇಕು.

ಈಗ ನಮ್ಮ ಕಾಲಕ್ಕೆ ಬನ್ನಿ. 2019ರ ಫೆಬ್ರವರಿ 14ರಂದು ಪುಲ್ವಾಮಾದಲ್ಲಿ ಮಡಿದ 40 ಮಂದಿ ಸಿಆರ್‌ಪಿಎಫ್ ಯೋಧರಲ್ಲಿ ನಮ್ಮ ಮದ್ದೂರು ತಾಲ್ಲೂಕಿನ ಗುಡಿಗೆರೆಯ ಹೆಚ್. ಗುರು ಒಬ್ಬರು. ಅವರ ಪಾರ್ಥಿವ ಶರೀರ ಬಂದಾಗ ಹೆದ್ದಾರಿಯ ಎರಡೂ ಬದಿಯಲ್ಲಿ ಜನ ಹೂ ಹಿಡಿದು ನಿಂತದ್ದು, ಗಂಡಸರೂ ಟವೆಲ್ಲಿನಲ್ಲಿ ಕಣ್ಣೊರೆಸಿಕೊಂಡದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ನಿಮ್ಮಲ್ಲಿ ಎಷ್ಟೋ ಮಂದಿಗೆ ಸೇನೆಯ ಆಸೆ ಮೊಳೆತದ್ದು ಆಗಲೇ. ಆದರೆ ಕಣ್ಣೀರಿನ ಜೊತೆಗೆ ಅಂದು ಏನಾಯಿತು ಎಂದೂ ತಿಳಿಯಬೇಕು. ಹಿಮ ಬಿದ್ದು ಜಮ್ಮು–ಶ್ರೀನಗರ ಹೆದ್ದಾರಿ ಮುಚ್ಚಿತ್ತು. ತೆರೆದ ಕೂಡಲೇ ತಡೆದು ನಿಂತಿದ್ದವರೆಲ್ಲ ಒಟ್ಟಿಗೆ ಹೊರಟರು: 78 ವಾಹನ, 2,500ಕ್ಕೂ ಹೆಚ್ಚು ಜನ. ಸ್ಫೋಟಕ ತುಂಬಿದ ಒಂದೇ ಒಂದು ಕಾರು ಬಂದು ಬಸ್ಸಿಗೆ ಬಡಿಯಿತು. ಅಲ್ಲಿ ಯಾರ ಧೈರ್ಯವೂ ಕಡಿಮೆಯಿರಲಿಲ್ಲ. ಎದುರಿಗೆ ಬಂದು ನಿಲ್ಲುವ ಶತ್ರುವೇ ಇರಲಿಲ್ಲ. ಅದಾದ ಒಂದು ವಾರದಲ್ಲಿ ಕೇಂದ್ರ ಗೃಹ ಸಚಿವಾಲಯ ಅರೆಸೇನಾ ಪಡೆಯ ಎಲ್ಲ ದರ್ಜೆಯವರಿಗೂ ಶ್ರೀನಗರಕ್ಕೆ ವಿಮಾನದಲ್ಲಿ ಓಡಾಡಲು ಅನುಮತಿ ಕೊಟ್ಟಿತು. ಯೋಧ ಯಾವ ದಾರಿಯಲ್ಲಿ, ಯಾವಾಗ, ಎಷ್ಟು ಮಂದಿಯೊಡನೆ ಸಾಗುತ್ತಾನೆ ಎಂಬುದೂ ಯುದ್ಧತಂತ್ರವೇ.

2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಉಗ್ರರು 26 ಮಂದಿಯನ್ನು ಕೊಂದರು, ಅವರಲ್ಲಿ ನಮ್ಮ ಕರ್ನಾಟಕದವರೂ ಇದ್ದರು. ಮೇ 7ರ ನಸುಕಿನಲ್ಲಿ ನಮ್ಮ ಪಡೆಗಳು ಉಗ್ರರ ಒಂಬತ್ತು ನೆಲೆಗಳ ಮೇಲೆ ದಾಳಿ ಮಾಡಿದವು. ಮೇ 8ರ ರಾತ್ರಿ ಪಾಕಿಸ್ತಾನದ ಕಡೆಯಿಂದ ಲೇಹ್‌ನಿಂದ ಸರ್ ಕ್ರೀಕ್‌ವರೆಗೆ 36 ಕಡೆ ಸುಮಾರು 300ರಿಂದ 400 ಡ್ರೋನ್‌ಗಳು ಬಂದವು ಎಂದು ಸರ್ಕಾರವೇ ಹೇಳಿತು. ಅಷ್ಟೊಂದು ಯಾಕೆ? ಎಲ್ಲವೂ ಬಾಂಬ್ ಹಾಕಲು ಬಂದವಲ್ಲ. ನಮ್ಮ ರೇಡಾರ್ ಎಲ್ಲಿದೆ, ಯಾವ ಫಿರಂಗಿ ಎಲ್ಲಿಂದ ಹಾರಿಸುತ್ತದೆ ಎಂದು ತಿಳಿಯುವುದೂ ಅವುಗಳ ಕೆಲಸ. ಕಡಿಮೆ ಬೆಲೆಯ ಡ್ರೋನ್ ಹೊಡೆಯಲು ಕೋಟಿ ಬೆಲೆಯ ಕ್ಷಿಪಣಿ ಬಳಸಿದರೆ ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಟ್ಟ ಹಾಗೆ. ನಿಜವಾದ ಕ್ಷಿಪಣಿ ಬರುವ ಹೊತ್ತಿಗೆ ಬತ್ತಳಿಕೆ ಬರಿದಾಗಿರುತ್ತದೆ. ನಮ್ಮವರು ಹಾಗೆ ಮಾಡಲಿಲ್ಲ. ದಶಕಗಳ ಹಳೆಯ ಎಲ್-70 ಫಿರಂಗಿಗಳಿಗೆ ಹೊಸ ಕಣ್ಣು ಕೂಡಿಸಿ ಇಟ್ಟಿದ್ದರು, ಅವೇ ಎಷ್ಟೋ ಡ್ರೋನ್‌ಗಳನ್ನು ಉರುಳಿಸಿದವು. ಯಾವ ಗುರಿಗೆ ಯಾವ ಅಸ್ತ್ರ ಎಂದು ಕ್ಷಣದಲ್ಲಿ ಹೊಂದಿಸಿಕೊಟ್ಟ ಭೂಸೇನೆಯ ಜಾಲ ‘ಆಕಾಶ್‌ತೀರ್’. ಅದನ್ನು ಕಟ್ಟಿದ್ದು ಭಾರತ್ ಎಲೆಕ್ಟ್ರಾನಿಕ್ಸ್, ಅಂದರೆ ಬಿಇಎಲ್. 1954ರಲ್ಲಿ ಶುರುವಾದ ಬಿಇಎಲ್‌ನ ಒಂದು ದೊಡ್ಡ ಕಾರ್ಖಾನೆ ಇರುವುದು ನಮ್ಮ ಬೆಂಗಳೂರಿನ ಜಾಲಹಳ್ಳಿಯಲ್ಲಿ, ನಮ್ಮೂರಿನ ಬಸ್ ಹತ್ತಿದರೆ ಅರ್ಧ ದಿನದ ದಾರಿಯೂ ಅಲ್ಲ. ಬಿಇಎಲ್‌ನಲ್ಲಿ ಬೆಸುಗೆ ಹಾಕುವವರು, ಸಾಫ್ಟ್‌ವೇರ್ ಬರೆಯುವವರು, ಪರೀಕ್ಷೆ ಮಾಡುವವರು ಆ ರಾತ್ರಿ ಗಡಿಯಲ್ಲಿ ಇದ್ದ ಹಾಗೇ ಲೆಕ್ಕ.

‘ಗಡಿ ಎಲ್ಲೋ ಇದೆ, ನಾವು ಎಲ್ಲೋ ಇದ್ದೇವೆ’ ಎಂದು ಹೇಳಬೇಡಿ. 2025ರ ಜೂನ್ 1ರಂದು ಉಕ್ರೇನ್, ಲಾರಿಗಳಲ್ಲಿ ಅಡಗಿಸಿಟ್ಟ ಡ್ರೋನ್‌ಗಳಿಂದ ಗಡಿಯಾಚೆ ಸಾವಿರಾರು ಕಿಲೋಮೀಟರ್ ಒಳಗಿದ್ದ ರಷ್ಯಾದ ವಾಯುನೆಲೆಗಳ ಮೇಲೆ ದಾಳಿ ಮಾಡಿತು. ಅದಕ್ಕೂ ಮೊದಲು, 2023ರ ಜೂನ್‌ನಲ್ಲಿ, ಅದೇ ಯುದ್ಧದ ನಡುವೆ ಕಖೋವ್ಕಾ ಅಣೆಕಟ್ಟು ಒಡೆದು ಊರುಗಳು ಮುಳುಗಿದವು, ನೀರಾವರಿ ನಾಲೆಗಳು ಒಣಗಿದವು. ಕನ್ನಂಬಾಡಿಯ ನೀರು ಕುಡಿದು, ಆ ನೀರಿನಲ್ಲಿ ಕಬ್ಬು ಬೆಳೆದ ನಮಗೆ ಇದರ ಅರ್ಥ ಬೇರೆಯವರು ಹೇಳಬೇಕಾಗಿಲ್ಲ. ಅಣೆಕಟ್ಟು, ವಿದ್ಯುತ್ ಮಾರ್ಗ, ರೈಲು, ನಮ್ಮೂರ ಮೇಲೆ ಹಾಯುವ ಈ ಹೆದ್ದಾರಿ ಎಲ್ಲವೂ ದೇಶದ ನರಗಳು. ಅವನ್ನು ಕಾಯುವುದೂ ರಕ್ಷಣೆಯೇ.

ಈಗ ನಿಮ್ಮ ಕೈಯಲ್ಲಿರುವ ಮೊಬೈಲಿನ ವಿಷಯ. 2025ರ ಫೆಬ್ರವರಿಯಲ್ಲಿ ಕಾರವಾರದ ನೌಕಾನೆಲೆಯ ಮಾಹಿತಿ ಹೊರಗೆ ಕೊಟ್ಟ ಆರೋಪದ ಮೇಲೆ ಉತ್ತರ ಕನ್ನಡದ ಇಬ್ಬರನ್ನು ಎನ್‌ಐಎ ಬಂಧಿಸಿತು. ಸಾಮಾಜಿಕ ಜಾಲತಾಣದಲ್ಲಿ ಸ್ನೇಹ ಬೆಳೆಸಿ, ಹಣದ ಆಸೆ ತೋರಿಸಿ ಫೋಟೊ ತರಿಸಿಕೊಂಡರು ಎಂಬುದು ಆರೋಪ. ನಿರ್ಣಯ ನ್ಯಾಯಾಲಯದ್ದು, ಎಚ್ಚರಿಕೆ ನಮ್ಮದು. ಗುರುತಿಲ್ಲದ ಹೆಣ್ಣಿನ ಹೆಸರಿನಲ್ಲಿ ಬರುವ ಮೆಸೇಜು, ‘ನಿಮ್ಮ ಅಣ್ಣ ಯಾವ ರೆಜಿಮೆಂಟು, ಈಗ ಎಲ್ಲಿದ್ದಾರೆ’ ಎಂಬ ಪ್ರಶ್ನೆ, ಇವಕ್ಕೆ ಉತ್ತರ ಕೊಡಬೇಡಿ. ಸೇನೆಯಲ್ಲಿರುವ ನಮ್ಮೂರ ಮಗ ರಜೆ ಮುಗಿಸಿ ಹೊರಟ ರೈಲಿನ ಫೋಟೊ, ತೇದಿ, ಸ್ಟೇಟಸ್‌ನಲ್ಲಿ ಹಾಕಬೇಡಿ. ಸೇನಾ ವಾಹನಗಳ ಸಾಲು ಹೆದ್ದಾರಿಯಲ್ಲಿ ಹೋದರೆ ಕೈ ಬೀಸಿ, ನಮಸ್ಕಾರ ಮಾಡಿ, ವಿಡಿಯೊ ಮಾಡಬೇಡಿ.

ಸುಳ್ಳು ಸುದ್ದಿಯೂ ಹಾಗೇ. 2025ರ ಮೇ ತಿಂಗಳಲ್ಲಿ ಹಳೆಯ ಬೆಂಕಿ ಅವಘಡಗಳ ವಿಡಿಯೊ, ವಿಡಿಯೊ ಗೇಮಿನ ದೃಶ್ಯಗಳು ‘ಈಗಿನ ದಾಳಿ’ ಎಂದು ಮನೆಮನೆಗೆ ಹರಿದವು. ಕೇಂದ್ರ ಸರ್ಕಾರದ ಪಿಐಬಿಯ ಸತ್ಯಶೋಧನೆ ವಿಭಾಗ ಒಂದೊಂದಾಗಿ ಅಲ್ಲಗಳೆಯುತ್ತ ಕೂರಬೇಕಾಯಿತು. ಶತ್ರುವಿಗೆ ಬೇಕಾದದ್ದು ನಮ್ಮ ಗಾಬರಿ. ಒಂದು ಫಾರ್ವರ್ಡ್ ಒತ್ತುವ ಮುಂಚೆ ಯಾರು ಹೇಳಿದರು, ಯಾವಾಗಿನದು ಎಂದು ಕೇಳಿಕೊಳ್ಳಿ. ಗೊತ್ತಾಗದಿದ್ದರೆ ಅಲ್ಲಿಗೇ ನಿಲ್ಲಿಸಿ.

ಮತ್ತೊಂದನ್ನು ಒತ್ತಿ ಹೇಳುತ್ತೇನೆ. ಪಹಲ್ಗಾಮ್‌ನಲ್ಲಿ ಧರ್ಮ ಕೇಳಿ ಕೊಂದದ್ದು ಯಾಕೆ? ಇಲ್ಲಿ ನಾವು ನಾವೇ ಬಡಿದಾಡಲಿ ಎಂದು. ದೇಶದೊಳಗೆ ಕೋಮು ವೈಷಮ್ಯ ಹಚ್ಚುವುದೂ ಆ ದಾಳಿಯ ಉದ್ದೇಶವಾಗಿತ್ತು ಎಂದು ವಿದೇಶಾಂಗ ಕಾರ್ಯದರ್ಶಿಯವರು ಮೇ 7ರಂದು ಎಲ್ಲರೆದುರು ಹೇಳಿದರು. ಅವರ ಪಕ್ಕದಲ್ಲಿ ಕೂತು ದಾಳಿಯ ವಿವರ ಕೊಟ್ಟವರು ಕರ್ನಲ್ ಸೋಫಿಯಾ ಖುರೇಷಿ ಮತ್ತು ವಿಂಗ್ ಕಮಾಂಡರ್ ವ್ಯೋಮಿಕಾ ಸಿಂಗ್. ಸೋಫಿಯಾ ನಮ್ಮ ಬೆಳಗಾವಿ ಜಿಲ್ಲೆಯ ಸೊಸೆ. ಗಡಿಯಾಚೆಯವರ ಮೇಲಿನ ಸಿಟ್ಟನ್ನು ಪಕ್ಕದ ಬೀದಿಯವರ ಮೇಲೆ ತೀರಿಸುವವನು ಶತ್ರುವಿನ ಅರ್ಧ ಕೆಲಸ ತಾನೇ ಮಾಡಿಕೊಡುತ್ತಾನೆ. ನಮ್ಮೂರಿನಿಂದ ಅಂಥವನೊಬ್ಬ ಹೊರಡಬಾರದು.

ಇನ್ನು ನಿಮ್ಮ ದಾರಿಯ ಮಾತು. 2023ರಿಂದ ಅಗ್ನಿವೀರ್ ಆಯ್ಕೆಯಲ್ಲಿ ಮೊದಲು ಕಂಪ್ಯೂಟರಿನಲ್ಲಿ ಲಿಖಿತ ಪರೀಕ್ಷೆ, ಆಮೇಲೆ 1.6 ಕಿಲೋಮೀಟರ್ ಓಟ. ಗಣಿತ, ವಿಜ್ಞಾನ ಬಿಟ್ಟು ಬರೀ ಓಡಿದರೆ ಮೈದಾನದ ತನಕವೂ ಹೋಗಲಾರಿರಿ. ಸೇರಿದವರಲ್ಲಿ ನಾಲ್ಕು ವರ್ಷದ ಮೇಲೆ ಉಳಿಸಿಕೊಳ್ಳುವುದು ಹೆಚ್ಚೆಂದರೆ ಶೇ 25 ಮಂದಿಯನ್ನು. ಉಳಿದವರು ಇಪ್ಪತ್ತೈದರ ಆಸುಪಾಸಿನಲ್ಲಿ ಊರಿಗೆ ಬರುತ್ತಾರೆ. ಆದ್ದರಿಂದ ಆ ನಾಲ್ಕು ವರ್ಷದಲ್ಲಿ ರೇಡಿಯೊ, ವಾಹನ ರಿಪೇರಿ, ಡ್ರೋನ್ ನಡೆಸುವುದು, ಯಾವುದಾದರೂ ಒಂದು ವಿದ್ಯೆಯನ್ನು ಕೈಗೆ ಹತ್ತಿಸಿಕೊಂಡೇ ಬನ್ನಿ. ಹೆಣ್ಣುಮಕ್ಕಳೇ, ನಿಮಗೂ ಬಾಗಿಲು ತೆರೆದಿದೆ. ಪುಣೆಯ ಎನ್‌ಡಿಎಯಿಂದ 2025ರ ಮೇ ತಿಂಗಳಲ್ಲಿ ಮೊದಲ ಬಾರಿಗೆ 17 ಮಂದಿ ಹೆಣ್ಣುಮಕ್ಕಳು ತರಬೇತಿ ಮುಗಿಸಿ ಹೊರಬಂದರು. ದ್ವಿತೀಯ ಪಿಯುಸಿಯಲ್ಲಿ ಇರುವಾಗಲೇ ಅರ್ಜಿ ಹಾಕಬಹುದು, ಹಾಕಿ.

ಆಯ್ಕೆಯಾಗದೆ ವಾಪಸು ಬಂದವರು ತಲೆ ತಗ್ಗಿಸಬೇಡಿ, ಮೂಲೆ ಹಿಡಿಯಬೇಡಿ. ಐಟಿಐ, ಡಿಪ್ಲೊಮಾ ಮಾಡಿ. ಬಿಇಎಲ್, ಎಚ್‌ಎಎಲ್‌ಗಳಲ್ಲಿ ಅಪ್ರೆಂಟಿಸ್ ಆಗಲು ಪ್ರಯತ್ನಿಸಿ. ಹೋಂ ಗಾರ್ಡ್‌ಗೆ, ಸಿವಿಲ್ ಡಿಫೆನ್ಸ್‌ಗೆ ಸೇರಿ. ಗಾಯಾಳುವಿಗೆ ರಕ್ತ ನಿಲ್ಲಿಸುವುದು, ಬೆಂಕಿ ಆರಿಸುವುದು ಕಲಿಯಿರಿ. ಹೊಲದಲ್ಲೇ ಉಳಿದರೆ ಒಳ್ಳೆಯ ಬೆಳೆ ತೆಗೆಯಿರಿ. 1791ರಲ್ಲಿ ಒಂದು ದೊಡ್ಡ ದಂಡನ್ನು ತಿರುಗಿಸಿದ್ದು ಕಾಳು, ಮೇವಿನ ಕೊರತೆ ಎಂಬುದನ್ನು ಮರೆಯಬೇಡಿ. ಈ ಶ್ರಾವಣದೊಳಗೆ ನಿಮ್ಮಲ್ಲಿ ಪ್ರತಿಯೊಬ್ಬರೂ ಒಂದು ವಿದ್ಯೆ ಹಿಡಿದಿರಬೇಕು, ಒಂದು ಅರ್ಜಿ ಹಾಕಿರಬೇಕು. ಯಾವ ಕಚೇರಿಗೆ ಹೋಗಬೇಕೋ ಹೇಳಿ, ಜೊತೆಗೆ ನಾನೂ ಬರುತ್ತೇನೆ.